ಗೋಡೆಯ ಮೇಲೆ ತಡಕಾಡಿದ ಬಾಣ

ನನ್ನ ಎಡಗೈ ಹೆಬ್ಬೆರಳಿಗೆ ಒಂದು ಕೆಟ್ಟ ಚಟವಿದೆ. ಮನಸ್ಸಿಗೆ ಚೂರು ಗಾಬರಿಯಾದರೆ ಸಾಕು, ಅದು ತನ್ನಷ್ಟಕ್ಕೆ ತಾನೇ ಒಳಕ್ಕೆ ಬಾಗಿ ಕೈಗೆ ಸಿಕ್ಕಿದ್ದನ್ನು ಒತ್ತುತ್ತದೆ. ಬಸ್ಸಿನಲ್ಲಾದರೆ ಮುಂದಿನ ಸೀಟಿನ ಕಂಬಿ, ದವಾಖಾನೆಯಲ್ಲಾದರೆ ಬೆಂಚಿನ ಅಂಚು. ಮೊನ್ನೆ ಬೀಗರು ಬಂದ ದಿನ ಅವಸರದಲ್ಲಿ ರೊಟ್ಟಿ ಬಡಿಯುತ್ತಿದ್ದೆ. ನಮ್ಮ ಮನೆಯವರು ತಾಟಿನಲ್ಲಿದ್ದ ರೊಟ್ಟಿಯನ್ನು ತಿರುಗಿಸಿ ನೋಡಿ, ಅಂಚಿನಲ್ಲಿ ಮೂಡಿದ್ದ ಹೆಬ್ಬೆರಳಿನ ಗುರುತು ತೋರಿಸಿ, "ರೊಟ್ಟಿಗೂ ಆಲ್ಟ್ ಒತ್ತಿಯೇನ?" ಎಂದು ಬೀಗರ ಮುಂದೆಯೇ ಕೇಳಿದರು. ಬೀಗರು ಅರ್ಥವಾಗದಿದ್ದರೂ ನಕ್ಕರು.

ನಿಮಗೂ ಅರ್ಥವಾಗಿರಲಿಕ್ಕಿಲ್ಲ. ಆಲ್ಟ್ ಅಂದರೆ ಕಂಪ್ಯೂಟರಿನ ಕೀಲಿಮಣೆಯಲ್ಲಿ ಎಡಗಡೆ, ಕೆಳಗಿನ ಸಾಲಿನಲ್ಲಿರುವ ಒಂದು ಕೀಲಿ. ಅದನ್ನು ಒತ್ತಿ, ಆಮೇಲೆ ಎಫ್ ಒತ್ತಿ, ಎಸ್ ಒತ್ತಿದರೆ ಬರೆದದ್ದು ಸೇವ್ ಆಗುತ್ತದೆ. ಅಂದರೆ, ಆಗುತ್ತಿತ್ತು. ಬೈಲಹೊಂಗಲದಲ್ಲಿ ನಮ್ಮವರ ಬಟ್ಟೆ ಅಂಗಡಿಯ ಮೇಲಿನ ಖೋಲಿಯಲ್ಲಿ ನಾನು ಬಹಳ ವರ್ಷಗಳಿಂದ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೇನೆ. ನಮ್ಮ ಕಡೆ ಮಾಸ್ತರಿಕೆ ಮಾಡುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ನಾನು ಊರಿಗೆಲ್ಲ ಕಂಪ್ಯೂಟರ್ ಅಕ್ಕೋರು. ಸಂತೆಯಲ್ಲಿ ಕೊತ್ತಂಬರಿ ಮಾರುವವಳು ನನ್ನ ಚೀಲಕ್ಕೆ ಒಂದು ಸೂಡು ಜಾಸ್ತಿ ಹಾಕುತ್ತಾಳೆ, ಅವಳ ಮಗಳು ನನ್ನ ಹತ್ತಿರ ಕಲಿತವಳು. ಆ ಜಾಸ್ತಿ ಕೊತ್ತಂಬರಿಯನ್ನು ಬೇಡವೆನ್ನುವಷ್ಟು ದೊಡ್ಡ ಮನಸ್ಸು ನನಗೆ ಯಾವತ್ತೂ ಬಂದಿಲ್ಲ.

ಬೆರಳಿನಲ್ಲಿ ವಿದ್ಯೆ ಇರುತ್ತದೆ ಎಂದು ನನಗೆ ಮೊದಲು ಗೊತ್ತಾದದ್ದು ಸವದತ್ತಿಯಲ್ಲಿ, ಹುಡುಗಿಯಾಗಿದ್ದಾಗ. ಅಲ್ಲಿ ಒಂದು ಟೈಪಿಂಗ್ ಕ್ಲಾಸಿತ್ತು. ಕರೀ ಯಂತ್ರಗಳು. ಕೀಲಿಗಳ ಮೇಲಿನ ಅಕ್ಷರಗಳು ನಮಗಿಂತ ಮೊದಲು ಕಲಿತವರ ಬೆರಳಿಗೆ ಸವೆದು ಅಳಿಸಿಹೋಗಿದ್ದವು. ಉಳಿದ ಒಂದೆರಡೂ ಕಾಣಬಾರದೆಂದು ಮಾಸ್ತರರು ನಮ್ಮ ಕೈಮೇಲೆ ಟಾವೆಲ್ ಹೊಚ್ಚುತ್ತಿದ್ದರು. ಹುಣ್ಣಿಮೆ ಬಂದರೆ ದೇವಿಯ ಗುಡ್ಡಕ್ಕೆ ಹೋಗುವ ಮಂದಿ ಓಣಿಯಲ್ಲಿ ಉಧೋ ಉಧೋ ಎನ್ನುತ್ತ, ಚೌಡಿಕೆ ಬಾರಿಸುತ್ತ ಸಾಗುವರು. ಟಾವೆಲ್ಲಿನ ಕೆಳಗೆ ನಮ್ಮ ಬೆರಳುಗಳು ಆ ತಾಳಕ್ಕೇ ಕುಣಿಯತೊಡಗಿ, ಹಾಳೆಯ ತುಂಬ ಯಾವ ದೇವರಿಗೂ ಓದಲು ಬಾರದ ಭಾಷೆ ಮೂಡುತ್ತಿತ್ತು. ಮಾಸ್ತರರು ಬೈಯುವರು. ಆದರೂ ಆ ಯಂತ್ರ ಎಂಥ ನಿಯತ್ತಿನದು! ಸವದತ್ತಿಯಲ್ಲಿ ಕಲಿತ ಬೆರಳು ಧಾರವಾಡದಲ್ಲಿ ಪರೀಕ್ಷೆಗೆ ಕೂತರೂ ಅಕ್ಷರಗಳು ಇದ್ದಲ್ಲೇ ಇರುತ್ತಿದ್ದವು.

ಕಂಪ್ಯೂಟರಿಗೂ ನಾನು ಅದೇ ನಂಬಿಕೆಯನ್ನು ಒಯ್ದೆ. ಮಂತ್ರದ ಹಾಗೆ ಆಲ್ಟ್ ಕೀಲಿಗಳನ್ನು ಬಾಯಿಪಾಠ ಮಾಡಿದೆ, ಮಾಡಿಸಿದೆ. ನನ್ನದೊಂದು ಆಟವಿತ್ತು. ಹೊಸ ಹುಡುಗಿಯರು ಸೇರಿದ ದಿನ ಪರದೆಗೆ ಬೆನ್ನು ಹಾಕಿ, ಕಿಟಕಿಯಲ್ಲಿ ಬಜಾರು ನೋಡುತ್ತ ನಿಂತು, "ಆಲ್ಟ್ ಒತ್ತು. ಎಫ್ ಒತ್ತು. ಎಸ್ ಒತ್ತು. ಆತ ನೋಡ, ಸೇವ್ ಆತು" ಎನ್ನುತ್ತಿದ್ದೆ. ಹುಡುಗಿಯರು ಬಾಯಿ ತೆರೆದು ನೋಡುತ್ತಿದ್ದರು. ಆ ತೆರೆದ ಬಾಯಿಗಳನ್ನು ನೋಡಲೆಂದೇ ನಾನು ತಿರುಗುತ್ತಿದ್ದೆ. ಸೇವ್ ಮಾಡದೆ ಕುರ್ಚಿ ಬಿಟ್ಟು ಏಳಬಾರದು ಎನ್ನುವುದು ನಮ್ಮ ಕ್ಲಾಸಿನ ಮೊದಲನೆಯ ಕಟ್ಟಳೆ.

ಆಮೇಲೆ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ಮೂಡಿ, ಹೊಸ ರೂಪ ಬಂದಿದೆ, ಹಾಕಿಕೊಳ್ಳುತ್ತೀರಾ ಎಂದು ಕೇಳತೊಡಗಿತು. ಬಾಗಿಲಿಗೆ ಬಂದ ಸ್ಟೀಲ್ ಪಾತ್ರೆಯವನಿಗೆ ಹೇಳುವ ಹಾಗೆ, ಮುಂದ ಹೋಗಪ್ಪಾ ಎಂದು ಪ್ರತಿ ಸಲವೂ ಅದನ್ನು ಸಾಗಹಾಕಿದೆ. ಒಂದು ಯಂತ್ರ ಮಾತ್ರ ನನ್ನನ್ನು ಕೇಳದೆ ತಾನೇ ಹೊಸದಾಯಿತು. ಬೆಳಿಗ್ಗೆ ತೆರೆದು ನೋಡಿದರೆ ಫೈಲ್ ಎಂದು ಶುರುವಾಗುವ ಮೇಲಿನ ಸಾಲೇ ಇಲ್ಲ, ಅದರ ಜಾಗದಲ್ಲಿ ಏನೇನೋ ಚಿತ್ರಗಳು. ಅದಕ್ಕೆ ಬಟ್ಟೆ ಹೊಚ್ಚಿ ಮೂಲೆಗೆ ಸರಿಸಿದೆ. ಹುಡುಗಿಯರು ಕೇಳಿದರೆ "ಅದು ಕೆಟ್ಟೈತಿ" ಎಂದೆ. ಈ ಮಾತು ನನ್ನ ನಾಲಿಗೆಗೆ ಅಷ್ಟು ಸಲೀಸಾಗಿ ಬಂದದ್ದಕ್ಕೆ ಆಗ ನನಗೇನೂ ಅನ್ನಿಸಲಿಲ್ಲ.

ಹೀಗಿರುವಾಗ ಕಿತ್ತೂರಿನಿಂದ ಫೋನು ಬಂತು.

"ಅಕ್ಕೋರ, ನಾನ್ರಿ, ಶಿವಲೀಲಾ. ನಿಮ್ಮ ಮೊದಲನೇ ಬ್ಯಾಚಿನಾಕಿ."

ನೆನಪಾಯಿತು. ಎರಡು ಜಡೆಯ, ಕೀಲಿಗಳನ್ನು ಕುಟ್ಟಾಣಿಯ ಹಾಗೆ ಕುಟ್ಟುತ್ತಿದ್ದ ಹುಡುಗಿ. ಈಗ ಕಿತ್ತೂರಿನಲ್ಲಿ ಹೆಣ್ಣುಮಕ್ಕಳ ಒಂದು ಸಂಘ ಕಟ್ಟಿದ್ದಾಳಂತೆ. ಕಂಪ್ಯೂಟರ್ ಮುಟ್ಟಿಯೇ ಇರದ ಹೆಂಗಸರಿಗೆ ಒಂದು ದಿನದ ತರಬೇತಿ. ರಾಮದುರ್ಗ, ಸವದತ್ತಿ, ನೇಸರಗಿ ಕಡೆಯಿಂದೆಲ್ಲ ಬರುತ್ತಾರಂತೆ.

"ನನಗ ಕಲಿಸಿದವ್ರ ಇವರಿಗೂ ಕಲಿಸಬೇಕ್ರಿ. ಬ್ಯಾರೆ ಯಾರನ್ನೂ ಕರಿಯಾಂಗಿಲ್ಲ ನಾ" ಎಂದಳು.

ಅಲ್ಲಿ ಎಂಥ ಕಂಪ್ಯೂಟರ್ ಇದೆ, ಅದರಲ್ಲಿ ಏನಿದೆ ಎಂದು ನಾನು ಕೇಳಬೇಕಿತ್ತು. ನಾನು ಕೇಳಿದ್ದು ಬೇರೆ. "ಊಟಕ್ಕ ಏನ ಮಾಡಸ್ತಿ?"

"ಮಾದಲಿ ಮಾಡಸ್ತೇನ್ರಿ, ಎಣ್ಣಿಗಾಯಿ ಬದನಿಕಾಯಿ ಮಾಡಸ್ತೇನ್ರಿ. ನೀವ ಬರ್ರಿ."

ಹೋದೆ. ಉದ್ದನೆಯ ಹಾಲು, ಜಮಖಾನ ಹಾಸಿತ್ತು, ಅದರ ತುಂಬ ಹೆಂಗಸರು. ಮುಂದೆ ಟೇಬಲ್ಲಿನ ಮೇಲೆ ಹೊಚ್ಚ ಹೊಸ ಕಂಪ್ಯೂಟರ್. ಅದರ ಪರದೆಯಲ್ಲಿ ಇರುವುದೆಲ್ಲ ಪ್ರೊಜೆಕ್ಟರಿನಿಂದ ಹಿಂದಿನ ಗೋಡೆಯ ಮೇಲೆ ಆಳೆತ್ತರ ಕಾಣುತ್ತಿತ್ತು. ಪಾಠಕ್ಕೆ ಮೊದಲೇ ನನಗೆ ಶಾಲು ಹೊದಿಸಿ ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಇವತ್ತು ನಾನು ಏನಾಗಿದ್ದೇನೋ ಅದು ಅಕ್ಕೋರಿಂದ ಎಂದು ಶಿವಲೀಲಾ ಮೈಕಿನಲ್ಲಿ ಹೇಳಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ನಮ್ಮ ಮಂದಿಗೆ ಇಂಗ್ಲಿಷ್ ಬರೂದಿಲ್ಲಂತ ಎಲ್ಲಾ ಕನ್ನಡದಾಗ ಮಾಡಿಸಿಟ್ಟೇನ್ರಿ, ಅಕ್ಕೋರ" ಎಂದಳು. "ಚಲೋ ಮಾಡಿದಿ" ಎಂದೆ. ಗೋಡೆಯ ಮೇಲೆ ಬಿಳೀ ಹಾಳೆ, ಅದರ ನೆತ್ತಿಯಲ್ಲಿ ಸಣ್ಣ ಸಣ್ಣ ಚಿತ್ರಗಳು, ಕಡತ, ವೀಕ್ಷಿಸಿ, ಸೇರಿಸಿ ಎಂಬ ಶಬ್ದಗಳು. ನನ್ನ ಕಣ್ಣು ಜಾಹೀರಾತು ದಾಟಿದ ಹಾಗೆ ಅವನ್ನು ದಾಟಿ ಹಾಳೆಗೆ ಇಳಿಯಿತು. ಹಾಳೆ ಎಲ್ಲ ಕಡೆಯೂ ಹಾಳೆಯೇ ತಾನೆ?

ಒಬ್ಬೊಬ್ಬರನ್ನಾಗಿ ಕರೆದು ತಮ್ಮ ತಮ್ಮ ಹೆಸರು ಬರೆಸಿದೆ. ನಾನು ಅಕ್ಷರ ತೋರಿಸುವುದು, ಅವರು ಒತ್ತುವುದು. ಒಲೆಯ ಮೇಲಿನ ಕಾದ ಹಂಚು ಮುಟ್ಟಿದವರ ಹಾಗೆ ಕೀಲಿ ಮುಟ್ಟಿ ಬೆರಳು ಹಿಂದೆ ತೆಗೆಯುತ್ತಿದ್ದರು. ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ ತಮ್ಮ ಹೆಸರು ಮೂಡಿದಾಗ ಕೆಲವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಕಡೆಗೆ ಬಂದವಳು ರಾಮದುರ್ಗದ ಹತ್ತಿರದ ಹಳ್ಳಿಯ ನೀಲವ್ವ. ತಲೆಯ ಮೇಲೆ ಸೆರಗು, ತೆಳ್ಳಗಿನ ಮೈ. ಟೇಬಲ್ಲಿನ ಹತ್ತಿರ ಬರುವಾಗ ಅವಳ ಕಾಲು ನೆಲದ ಮೇಲಿದ್ದ ವಾಯರಿಗೆ ತಾಗಿ ಗೋಡೆಯ ಮೇಲಿನ ಬೆಳಕು ಒಮ್ಮೆ ನಡುಗಿ ನಿಂತಿತು. ಅವಳು ನಾಲಿಗೆ ಕಚ್ಚಿಕೊಂಡಳು. "ಏನೂ ಆಗಿಲ್ಲ, ಬಾರವಾ" ಎಂದೆ. ಅವಳ ಹೆಸರಿನ ಕೊನೆಯ ವ ಅಕ್ಷರಕ್ಕೆ ಒತ್ತು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

"ಈಗ ಇದನ್ನ ಸೇವ್ ಮಾಡೂನು" ಎಂದೆ. ನನ್ನ ಆಟ ನೆನಪಾಯಿತು. ಗೋಡೆಗೆ ಬೆನ್ನು ಹಾಕಿ, ಕೈಯನ್ನಷ್ಟೇ ಹಿಂದೆ ಚಾಚಿ, ಹೆಂಗಸರ ಕಡೆ ಮುಖ ಮಾಡಿ ನಿಂತೆ. "ಆಲ್ಟ್. ಎಫ್. ಎಸ್."

ಯಾರೂ ಬಾಯಿ ತೆರೆಯಲಿಲ್ಲ. ಎಲ್ಲರೂ ಹುಬ್ಬು ಗಂಟಿಕ್ಕಿ ನನ್ನ ತಲೆಯ ಮೇಲಿನ ಗೋಡೆ ನೋಡುತ್ತಿದ್ದರು. ತಿರುಗಿದೆ. ಬಲಗಡೆ ಯಾವುದೋ ಉದ್ದನೆಯ ಪಟ್ಟಿ ಜೋತುಬಿದ್ದಿತ್ತು. ಮತ್ತೆ ಒತ್ತಿದೆ. ಪಟ್ಟಿ ಹೋಯಿತು, ಮತ್ತೆ ಬಂತು. ಮೌಸ್ ಹಿಡಿದೆ. ಫೈಲ್ ಎಲ್ಲಿದೆ? ಸೇವ್ ಎಲ್ಲಿದೆ? ಮೌಸಿನ ಬಾಣದ ಗುರುತು ಅಷ್ಟು ದೊಡ್ಡ ಗೋಡೆಯ ಮೇಲೆ ಈ ತುದಿಯಿಂದ ಆ ತುದಿಗೆ ತಡಕಾಡುತ್ತಿತ್ತು. ನಮ್ಮ ಮನೆಯಲ್ಲಿ ನಾನು ಏನಾದರೂ ಹುಡುಕಿದರೆ ನನ್ನ ಬೆನ್ನಷ್ಟೇ ಕಾಣುತ್ತದೆ. ಇಲ್ಲಿ ನನ್ನ ಗಾಬರಿಗೇ ಬೆಳಕು ಹಾಕಿ ತೋರಿಸಿದಂತಾಗಿತ್ತು. ಬಾಣ ಹೋದಲ್ಲೆಲ್ಲ ಹೆಂಗಸರ ತಲೆಗಳೂ ಹೊರಳುತ್ತಿದ್ದವು.

"ಅಕ್ಕೋರು ಏನೋ ಹುಡಕಾಕತ್ತಾರ" ಎಂದು ಮುಂದಿನ ಸಾಲಿನವಳು ಪಿಸುಗುಟ್ಟಿದಳು.

"ಅಲ್ಲೆ ಮ್ಯಾಲ ಏನೋ ಐತಿ ನೋಡ್ರಿ, ಅಕ್ಕೋರ."

"ಎಡಕ ನೋಡ್ರಿ, ಎಡಕ!"

ಸವದತ್ತಿಯಿಂದ ಬಂದಿದ್ದ ಹಿರಿಯ ಹೆಂಗಸೊಬ್ಬಳು ಎಲ್ಲರನ್ನೂ ಗದರಿಸಿದಳು. "ಗದ್ದಲ ಮಾಡಬ್ಯಾಡ್ರೆ. ಅವರು ನಿಧಾನಕ ಹುಡುಕ್ಲಿ. ನಮಗೇನ ಅವಸರೈತಿ?"

ಆ ಕರುಣೆಯನ್ನು ತಡೆದುಕೊಳ್ಳುವುದಾಗಲಿಲ್ಲ. ಶಾಲಿನ ಒಳಗೆ ಬೆವರು ಇಳಿಯಿತು. ಜೋತುಬಿದ್ದ ಪಟ್ಟಿಯನ್ನಾದರೂ ತೊಲಗಿಸೋಣವೆಂದು ಮೂಲೆಯ ಅಡ್ಡಗೀಟು ಒತ್ತಿದೆ. ಪಟ್ಟಿಯ ಜೊತೆಗೆ ಹಾಳೆಯೂ ಮಾಯವಾಯಿತು. ಗೋಡೆಯ ಮೇಲೆ ಯಾವುದೋ ದೇಶದ ನೀಲಿ ಕೆರೆಯ ಚಿತ್ರ ಉಳಿಯಿತು.

"ಅಯ್ಯ ಯವ್ವಾ, ನಮ್ಮ ಹೆಸರು ಹೋದುವು!"

ಶಿವಲೀಲಾ ಓಡಿ ಬಂದಳು. "ಏನಾತ್ರಿ, ಅಕ್ಕೋರ?"

"ನಿನ್ನ ಕಂಪ್ಯೂಟರ್ ಕೆಟ್ಟೈತಿ" ಎಂದೆ.

ನನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ನನಗೇ ಆಶ್ಚರ್ಯ. "ಹೊಸಾದೈತ್ರಿ..." ಎಂದು ಅವಳು ರಾಗ ತೆಗೆದಳು. "ಹೊಸಾದಾದ್ರ ಕೆಡಬಾರದೇನು?" ಎಂದು ಬಾಯಿ ಮುಚ್ಚಿಸಿದೆ. ಅವಳು ಮೈಕಿನಲ್ಲಿ, ಮಷಿನ್ ಕೆಟ್ಟಿದೆ, ಧಾರವಾಡದಿಂದ ರಿಪೇರಿಯವರನ್ನು ಕರೆಸುತ್ತೇವೆ, ಅಲ್ಲಿಯವರೆಗೆ ಊಟ ಮಾಡಿರಿ ಎಂದು ಹೇಳಿ, ಫೋನ್ ಹಿಡಿದುಕೊಂಡು ಹೊರಗೆ ಹೋದಳು.

ಮಾದಲಿ ಬಡಿಸಿದರು. ಹಾಲು ಹಾಕಿದರು, ತುಪ್ಪ ಹಾಕಿದರು. ಸುಮ್ಮನೆ ಕಲಸುತ್ತ ಕೂತಾಗ ಯಾಕೋ ನನ್ನ ಅವ್ವ ನೆನಪಾದಳು.

ಅವ್ವನ ತವರು ರಾಮದುರ್ಗದ ಆಚೆ. ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ರಾಮದುರ್ಗದ ಬಸ್ಸು ಯಾವಾಗಲೂ ಬೇವಿನ ಗಿಡದ ಕೆಳಗೆ ನಿಲ್ಲುತ್ತಿತ್ತು. ಅವ್ವನಿಗೆ ಓದಲು ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ, ಗಿಡ ಗೊತ್ತಿತ್ತು. ಒಂದು ಸಲ ಸ್ಟ್ಯಾಂಡನ್ನು ಹೊಸದಾಗಿ ಕಟ್ಟಿ, ಕಟ್ಟೆಗಳಿಗೆ ನಂಬರು ಹಾಕಿ, ಬೋರ್ಡು ತೂಗುಹಾಕಿದರು. ನಾನೂ ಅವ್ವನೂ ಗಂಟು ಹಿಡಿದು ಗಿಡದ ಕೆಳಗೇ ನಿಂತೆವು. ಆ ಕಡೆಯ ಕಟ್ಟೆಯಿಂದ ಕಂಡಕ್ಟರು ರಾಮದುರ್ಗ ರಾಮದುರ್ಗ ಎಂದು ಕೂಗಿ, ಬಸ್ಸು ನಮ್ಮ ಕಣ್ಣೆದುರೇ ಹೊರಟುಹೋಯಿತು. ಅವ್ವ ಒಂದು ಹೆಜ್ಜೆ ಮುಂದಿಟ್ಟವಳು ಸುತ್ತಲಿನ ಮಂದಿಯನ್ನು ನೋಡಿ ನಿಂತುಬಿಟ್ಟಳು. ಮನೆಗೆ ಬಂದು ಅಜ್ಜಿಗೆ, "ಇವತ್ತ ಬಸ್ಸ ಬರಲಿಲ್ರಿ, ಅತ್ತಿ" ಎಂದಳು. ಬಂದಿತ್ತಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಸೆರಗಿನ ಮರೆಯಲ್ಲಿ ನನ್ನ ತೋಳು ಚಿವುಟಿದಳು. ಅವ್ವನ ಆ ಸುಳ್ಳಿನಿಂದ ಯಾರಿಗೂ ನಷ್ಟವಾಗಲಿಲ್ಲ, ಅವಳು ತವರಿಗೆ ಹೋಗುವುದು ತಪ್ಪಿತು, ಅಷ್ಟೇ. ನನ್ನದೂ ಅಂಥದ್ದೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಕೈ ತೊಳೆಯಲು ಎದ್ದೆ.

ನಳದ ಹತ್ತಿರ ನೀಲವ್ವ ನಿಂತಿದ್ದಳು. ಊಟ ಮಾಡಿದ ಹಾಗೆ ಕಾಣಲಿಲ್ಲ. ಬಗಲಲ್ಲಿ ಚೀಲವಿತ್ತು.

"ಅಕ್ಕೋರ, ಒಂದ ಮಾತ ಕೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ."

"ಕೇಳವಾ."

"ನನ್ನ ಕಾಲ ವಾಯರಿಗೆ ತಾಗಿತ್ತಲ್ರಿ? ಗ್ವಾಡಿ ಮ್ಯಾಲಿಂದು ಒಮ್ಮಿ ಗಡಗಡ ನಡುಗ್ತು. ನೀವೂ ನೋಡಿದ್ರಿ. ಅದು ಕೆಟ್ಟಿದ್ದು ನನ್ನಿಂದನ ಹೌದಲ್ರಿ?"

ನಾನು ನಳದ ಕಡೆ ತಿರುಗಿ ಕೈ ತೊಳೆಯತೊಡಗಿದೆ. ಅದನ್ನೇ ಅವಳು ಹೌದೆಂದು ತಿಳಿದಳು.

"ನಾವು ಹೆಣ್ಮಕ್ಕಳು ಕೂಡಿ ಶೇಂಗಾ ಚಟ್ನಿ ಮಾಡತೇವ್ರಿ. ಪಾಕೀಟಿಗೆ ಹೆಸರಿನ ಚೀಟಿ ಇರಲಿಲ್ಲಂದ್ರ ಅಂಗಡಿಯವ್ರು ಇಟಗೊಳ್ಳಾಂಗಿಲ್ಲ. ಅದನ್ನ ಕಲಕೊಂಡ ಬಾ ಅಂತ ಎಲ್ಲಾರೂ ನನ್ನ ಕಳಸ್ಯಾರ್ರಿ. ನಮ್ಮತ್ತಿ ಬರೂ ಮುಂದನ ಅಂದಿದ್ಲು, ನಿನಗ್ಯಾಕ ಬೇಕ ಆ ಮಷಿನ್ನು, ಮುಟ್ಟಿ ಕೆಡಿಸಿ ಬರತಿ ಅಂತ. ಹಂಗ ಆತ ನೋಡ್ರಿ." ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. "ಎಲ್ಲಾರ ಹೆಸರೂ ನನ್ನ ದೆಸಿಯಿಂದ ಹೋದುವು. ರಿಪೇರಿಯವ್ರು ಬಂದ್ರ ಗೊತ್ತಾಗೇ ಬಿಡತೈತಿ. ಅದಕ್ಕಿಂತ ಮೊದಲ ನಾ ಬಸ್ ಹಿಡದ ಹೋಗತೇನ್ರಿ. ಶಿವಲೀಲಾ ಅಕ್ಕಾರಿಗೆ ನೀವ ಹೇಳ್ರಿ, ನಾ ಬೇಕಂತ ಮಾಡಿದ್ದಲ್ಲ ಅಂತ."

ನಾನು ಯಂತ್ರದ ಮೇಲೆ ಹಾಕಿದ್ದೆ ಎಂದುಕೊಂಡಿದ್ದ ಸುಳ್ಳು ಹೋಗಿ ಇವಳ ಕಾಲಿಗೆ ಸುತ್ತಿಕೊಂಡಿತ್ತು. ತಿಳಿಯದ್ದಕ್ಕೆ ನಾನು ಕಂಪ್ಯೂಟರನ್ನು ಬೈದೆ, ಅವಳು ತನ್ನನ್ನೇ ಬೈದುಕೊಂಡಳು. ಅವಳ ಕೈ ಹಿಡಿದೆ. "ಎಲ್ಲಿಗೂ ಹೋಗಬ್ಯಾಡ. ನನ್ನ ಸಂಗಟ ಬಾ."

ಹಾಲಿನಲ್ಲಿ ಇನ್ನೂ ಕೆಲವರು ಮಜ್ಜಿಗೆ ಕುಡಿಯುತ್ತಿದ್ದರು. ಮೈಕ್ ಮುಟ್ಟಲು ಧೈರ್ಯವಾಗಲಿಲ್ಲ. ಹಾಗೆಯೇ ನಿಂತು ಹೇಳಿದೆ: "ಎಲ್ಲಾರೂ ಕೇಳ್ರಿ. ಕಂಪ್ಯೂಟರ್ ಕೆಟ್ಟಿಲ್ಲ. ಯಾರ ಕಾಲಿಂದಾನೂ ಏನೂ ಆಗಿಲ್ಲ. ನಾ ಕಲತದ್ದು ಹಳೇದು. ಇದು ಹೊಸಾದು. ನನಗ ಬರೂದಿಲ್ಲ. ಬರೂದಿಲ್ಲ ಅನ್ನಾಕ ನಾಚಿಕಿ ಆಗಿ ಕೆಟ್ಟೈತಿ ಅಂದ್ನಿ."

ಆಕಾಶವೇನೂ ಬೀಳಲಿಲ್ಲ. ಸವದತ್ತಿಯ ಹಿರಿಯ ಹೆಂಗಸು ಮಜ್ಜಿಗೆಯ ಲೋಟ ಕೆಳಗಿಟ್ಟು, "ಅಷ್ಟ ಹೌದಲ್ರಿ? ನಾವೆಲ್ಲಿ ಸುಟ್ಟೇ ಹೋತೋ ಏನೋ ಅಂದಕೊಂಡಿದ್ವಿ" ಎಂದಳು. ಕೆಲವರು ನಕ್ಕರು. ನೀಲವ್ವ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಅವಳನ್ನು ಉಳಿಸಲು ಸುಳ್ಳು ಹೇಳುತ್ತಿದ್ದೇನೋ ಎಂಬ ಅನುಮಾನ ಅವಳಿಗೆ. ಬಾಗಿಲಲ್ಲಿ ನಿಂತಿದ್ದ ಶಿವಲೀಲಾ ತಲೆ ತಗ್ಗಿಸಿ, ಫೋನಿನಲ್ಲಿ ಯಾರಿಗೋ, "ಬರೂದ ಬ್ಯಾಡ್ರಿ" ಎಂದಳು.

ಕಂಪ್ಯೂಟರಿನ ಮುಂದೆ ಕುಳಿತೆ. "ನನಗ ಚಿತ್ರ ತಿಳಿಯಾಂಗಿಲ್ಲ. ಅಲ್ಲೆ ಏನ ಬರದೈತಿ, ಓದಾಕ ಬರೂವವ್ರು ಗಟ್ಟಿಯಾಗಿ ಓದ್ರಿ" ಎಂದೆ. ಕೆರೆಯ ಕೆಳಗಿನ ಚಿತ್ರಗಳನ್ನು ಒಂದೊಂದಾಗಿ ಒತ್ತಿದೆ, ತೆರೆದದ್ದನ್ನು ಅವರು ಸಾಲಿಯಲ್ಲಿ ಮಗ್ಗಿ ಹೇಳಿದ ಹಾಗೆ ಓದತೊಡಗಿದರು. ಒಂದು ಕಡೆ "ಇತ್ತೀಚಿನ ಕಡತಗಳು" ಎಂದಿತ್ತು.

"ಕಡತ ಅಂದ್ರೇನ್ರಿ?" ಎಂದು ಒಬ್ಬಳು ಕೇಳಿದಳು.

"ಕಡತ ಅಂದ್ರ ಫೈಲು" ಎಂದೆ. ಹೇಳುತ್ತಿದ್ದ ಹಾಗೆ ನನಗೂ ತಿಳಿಯಿತು. ಕನ್ನಡದಲ್ಲಿ ಹುಟ್ಟಿ, ಕನ್ನಡದಲ್ಲಿ ಮಾತಾಡಿ, ಬೆಳಿಗ್ಗೆಯಿಂದ ಇಷ್ಟು ದೊಡ್ಡ ಗೋಡೆಯ ಮೇಲೆ ಬರೆದಿದ್ದ ಕನ್ನಡವನ್ನು ನಾನು ಓದಿರಲೇ ಇಲ್ಲ. ಒತ್ತಿದೆ. ಹಾಳೆ ತೆರೆದುಕೊಂಡಿತು. ಎಲ್ಲರ ಹೆಸರೂ ಇದ್ದವು, ಒಂದೂ ಅಳಿಸಿರಲಿಲ್ಲ. ಮೇಲ್ಗಡೆ ಬೂದು ಬಣ್ಣದ ಸಣ್ಣ ಅಕ್ಷರಗಳನ್ನು ಯಾರೋ ಕೂಡಿಸಿ ಕೂಡಿಸಿ ಓದಿದರು: "ಎಲ್ಲ ಬದಲಾವಣೆಗಳನ್ನು ಉಳಿಸಲಾಗಿದೆ."

ಸೇವ್ ಎನ್ನುವ ಗುಂಡಿಯೇ ಅದರಲ್ಲಿ ಇರಲಿಲ್ಲ. ಬರೆದದ್ದನ್ನು ಅದು ಬರೆದ ಹಾಗೆಲ್ಲ ತಾನೇ ಉಳಿಸಿಕೊಳ್ಳುತ್ತಿತ್ತು. ಬೆಳಿಗ್ಗೆ ಅಷ್ಟು ಮಂದಿಯ ಮುಂದೆ ಬೆವರಿ ನಾನು ಹುಡುಕಿದ್ದು ಇಲ್ಲದ ವಸ್ತುವನ್ನು, ಅದೂ ಆಗಲೇ ಆಗಿಹೋಗಿದ್ದ ಕೆಲಸಕ್ಕಾಗಿ.

ನೀಲವ್ವ ಗೋಡೆಯ ಹತ್ತಿರ ನಡೆದಳು. ಕೊನೆಯ ಸಾಲಿನಲ್ಲಿದ್ದ ತನ್ನ ಹೆಸರನ್ನು ಮುಟ್ಟಲು ಕೈ ಚಾಚಿದಳು. ಹೆಸರು ಗೋಡೆ ಬಿಟ್ಟು ಅವಳ ಕೈಯ ಮೇಲೆ ಬಂತು. ಕೈಯನ್ನು ಅತ್ತಿತ್ತ ತಿರುವಿ ನೋಡಿದಳು. ಆಗ ಅವಳು ನಕ್ಕಳು.

ಸಂಜೆಯೊಳಗೆ ಚೀಟಿ ಮಾಡುವುದನ್ನು ಎಲ್ಲರೂ ಕೂಡಿ ಕಂಡುಹಿಡಿದೆವು. ಅವರು ಓದುವರು, ಅದರ ಅರ್ಥ ಏನಿರಬಹುದೆಂದು ನಾನು ಊಹಿಸುವೆ, ತಪ್ಪಿದರೆ ಮತ್ತೊಂದು. ಬಹಳ ಸಲ ತಪ್ಪಿತು. ಶೇಂಗಾ ಚಟ್ನಿ ಎಂಬ ಶಬ್ದ ಒಮ್ಮೆ ಗೋಡೆ ತುಂಬುವಷ್ಟು ದೊಡ್ಡದಾಯಿತು, ಒಮ್ಮೆ ಇರುವೆಯಷ್ಟಾಯಿತು. ಕಡೆಗೆ ಪ್ರಿಂಟರಿನಿಂದ ಬಿಸಿಬಿಸಿಯಾಗಿ ಬಂದ ಚೀಟಿಗಳ ಹಾಳೆಯನ್ನು ನೀಲವ್ವ ಮಡಚದೆ, ಚೀಲದಲ್ಲಿ ನಿಲ್ಲಿಸಿಕೊಂಡು ಹೋದಳು.

ಬಸ್ಸಿಗೆ ಕಳಿಸಲು ಶಿವಲೀಲಾ ಬಂದಳು. ದೇಗಾಂವದ ಕಡೆಯಿಂದ ಬರುವ ಟೆಂಪೋ ಒಂದು ನಿಂತು ಹೋಯಿತು. ಬೈಲಹೊಂಗಲದ ಬಸ್ಸು ಬಂದಿರಲಿಲ್ಲ. ಆಮೇಲೆ, "ಅಕ್ಕೋರ, ನೀವು ಕೆಟ್ಟೈತಿ ಅಂದ್ರಲ್ಲ, ನನಗ ನನ್ನ ಕಂಪ್ಯೂಟರ್ ಮ್ಯಾಲ ಸಂಶೆ ಬಂತ್ರಿ. ನಿಮ್ಮ ಮ್ಯಾಲ ಬರಲಿಲ್ಲ" ಎಂದಳು. ಬೈಯಲಿಲ್ಲ, ಚುಚ್ಚಲೂ ಇಲ್ಲ, ಇದ್ದದ್ದನ್ನು ಹೇಳಿದಳು. ಬಸ್ಸು ಬಂತು, ಹತ್ತಿದೆ.

ಮನೆಯಲ್ಲಿ ನಮ್ಮವರು ಹಣ್ಣಿನ ಬುಟ್ಟಿ ನೋಡಿ, "ಭಾರಿ ಮರ್ಯಾದಿ ಮಾಡ್ಯಾರ. ಮತ್ತ ಮಾರಿ ಯಾಕ ಸಪ್ಪಗೈತಿ?" ಎಂದರು. ಬಿಸಿಲು ಎಂದೆ. ನೋಡಿ, ಅಷ್ಟೆಲ್ಲ ಆದಮೇಲೂ ಬಾಯಿಗೆ ಮೊದಲು ಬಂದದ್ದು ಅದೇ. ರಾತ್ರಿ ಊಟಕ್ಕೆ ಕೂತಾಗ ನಿಜ ಹೇಳಿದೆ. ಅವರು ನಗಬಹುದೆಂದು ಅಂಜಿದ್ದೆ. ನಗಲಿಲ್ಲ. ಮೊಸರು ಬಡಿಸಿದರು.

ಮೂಲೆಯ ಯಂತ್ರದ ಬಟ್ಟೆ ಈಗ ತೆಗೆದಿದ್ದೇನೆ. ಮಧ್ಯಾಹ್ನ ಹುಡುಗಿಯರು ಮನೆಗೆ ಹೋದಮೇಲೆ ಅದರ ಮುಂದೆ ಕೂತು ಬಾಗಿಲ ಚಿಲಕ ಹಾಕಿಕೊಂಡು ಕಲಿಯುತ್ತೇನೆ. ಚಿಲಕ ಯಾಕೆ ಎಂದು ಕೇಳಬೇಡಿ. ನಾಚಿಕೆ ಒಂದೇ ದಿನದಲ್ಲಿ ಹೋಗುವಂಥದ್ದಲ್ಲ.

ಕಳೆದ ವಾರ ಹೀಗೆಯೇ ಕೂತಿದ್ದಾಗ ಫೋನು ಬಂತು. ರಾಮದುರ್ಗದ ಕಡೆಯ ಚಟ್ನಿ ಮಾಡುವ ಹೆಣ್ಣುಮಕ್ಕಳ ಸಂಘಕ್ಕೂ ಒಂದು ಕಂಪ್ಯೂಟರ್ ಬಂದಿದೆ.

"ಅಕ್ಕೋರ, ನಾನ್ರಿ, ನೀಲವ್ವ. ಮತ್ತ ಬದಲಾಗೇತ್ರಿ! ನಿನ್ನೆ ಇದ್ದದ್ದು ಇವತ್ತಿಲ್ಲ. ಚೀಟಿ ಇಟ್ಟ ಜಾಗಾನ ಸಿಗವಲ್ದು. ಎಲ್ಲಿ ಹೋಗೇತ್ರಿ?"

ನನ್ನದನ್ನು ತೆರೆದು ನೋಡಿದೆ. ನನ್ನದೂ ಬದಲಾಗಿತ್ತು. ನೆಟ್‌ವರ್ಕ್ ಸರಿಯಿಲ್ಲ, ಆಮೇಲೆ ಮಾಡು ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಗೊತ್ತಿಲ್ಲ, ನೀಲವ್ವಾ" ಎಂದೆ.

"ನಿಮಗೂ ಗೊತ್ತಿಲ್ಲೇನ್ರಿ?" ಎಂದಳು. ದನಿ ಹಗುರಾಗಿತ್ತು. "ಹಂಗಾರ ಅಂಜಿಕಿಲ್ಲ ಬಿಡ್ರಿ. ತಡೀರಿ, ಕುಂದರತೇನಿ. ನಾ ಮ್ಯಾಲಿಂದ ಓದಕೋತ ಬರತೇನಿ, ನೀವೂ ನಿಮ್ಮದರಾಗ ನೋಡಕೋತ ಬರ್ರಿ."

ಅವಳು ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. ನಾನು ಕನ್ನಡಕ ಒರೆಸಿ ಹಾಕಿಕೊಂಡೆ. ಅವಳು ಮೊದಲನೆಯ ಶಬ್ದವನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿದಳು.